ಯಾರಿಗೂ ಓದಲು ಬಾರದ ಹೊದಿಕೆ

ಶನಿವಾರ ಬೆಳಿಗ್ಗೆ ಕನ್ನಡ ಶಾಲೆಗೆ ಹೊರಟು ಕಾರಿನ ಕೀ ಹುಡುಕುತ್ತಿದ್ದೆ, ಮಗಳ ಫೋನ್ ಬಂತು. ವಾರವೆಲ್ಲ ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಅನ್ನೋ ಊರಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಕಣ್ಣು ಕೆಡಿಸಿಕೊಳ್ಳುವ ನಾನು ಶನಿವಾರ ಮಾತ್ರ ಮೇಡಂ. ಡಾಲಸ್ಸಿನ ಕನ್ನಡದವರ ಮಕ್ಕಳಿಗೆ ಅ ಆ ಇ ಈ ತಿದ್ದಿಸುತ್ತೇನೆ. "ಅಮ್ಮಾ, ಇವತ್ತೇ ಹ್ಯೂಸ್ಟನ್‌ಗೆ ಹೊರಡು. ನಾವೂ ರೌಂಡ್ ರಾಕಿನ ಮನೆಯಿಂದ ಹೊರಟಿದ್ದೇವೆ. ನೀನು ಒಂದು ಬಟ್ಟೆ ಓದಬೇಕು" ಅಂದಳು. 'ಅಮ್ಮಾ' ಒಂದು ಬಿಟ್ಟು ಉಳಿದದ್ದೆಲ್ಲ ಇಂಗ್ಲಿಷಿನಲ್ಲಿ, ಎಂದಿನಂತೆ.

"ಬಟ್ಟಿ ಒಗೀತಾರ, ಮಡಚಿ ಇಡ್ತಾರ. ಓದ್ತಾರೇನ?" ಅಂದೆ. ಅವಳು ನಗಲಿಲ್ಲ. ಕೀ ಹುಡುಕೋದು ಬಿಟ್ಟು ಕುರ್ಚಿಯಲ್ಲಿ ಕೂತೆ.

ನನ್ನ ಅಳಿಯ ಚೀನೀ ಹುಡುಗ. ಅವನ ಅಪ್ಪ ಅಮ್ಮ ತೈವಾನಿನಿಂದ ಬಂದು ಹ್ಯೂಸ್ಟನ್‌ನಲ್ಲಿ ನೆಲೆ ನಿಂತವರು. ಬೀಗರು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿ ದುಡಿದು ರಿಟೈರ್ ಆದವರು. ಅವರಿಗೆ ಕ್ಯಾನ್ಸರ್ ಆಗಿ, ಆಸ್ಪತ್ರೆಯವರು ಇನ್ನು ನಮ್ಮ ಕೈಯಲ್ಲಿ ಏನಿಲ್ಲ ಎಂದು ಮನೆಗೆ ಕಳಿಸಿದ್ದರು. ನೋವಿಗೆ ಔಷಧಿ ಕೊಡೋಕೆ ದಿನಾ ನರ್ಸ್ ಬಂದು ಹೋಗುತ್ತಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಬಟ್ಟೆಯ ವಿಷಯ ಗೊತ್ತಿರಲಿಲ್ಲ.

ಮಗಳು ಹೇಳಿದ್ದು ಇಷ್ಟು. ಅವರಲ್ಲಿ ಬೌದ್ಧ ಮನೆತನಗಳಲ್ಲಿ ಒಂದು ಪದ್ಧತಿ. ಮನುಷ್ಯ ಹೋದ ತಕ್ಷಣ ಅವನ ಮೇಲೆ ಮಂತ್ರ ಬರೆದ ಹಳದಿ ಹೊದಿಕೆ ಹೊದಿಸುತ್ತಾರೆ. ಅದು ಮೈಮೇಲಿದ್ದರೆ ಜೀವಕ್ಕೆ ದಾರಿ ತಪ್ಪೋದಿಲ್ಲ, ನೆಟ್ಟಗೆ ಬುದ್ಧನ ಲೋಕಕ್ಕೆ ಹೋಗಿ ಮುಟ್ಟುತ್ತದೆ ಅಂತ ನಂಬಿಕೆ. ಬೀಗತಿ ಅದನ್ನು ತವರಿನಿಂದ ತಂದು ಎಷ್ಟೋ ವರ್ಷದಿಂದ ಕಪಾಟಿನಲ್ಲಿ ಜೋಪಾನ ಮಾಡಿಟ್ಟಿದ್ದರು. ಈಗ ಹೊರಗೆ ತೆಗೆದರೆ ಬೀಗರು ಒಲ್ಲೆ ಅಂದುಬಿಟ್ಟರಂತೆ. "ಏನು ಬರೆದಿದೆ ಅಂತ ಗೊತ್ತಿಲ್ಲದ್ದನ್ನು ನನ್ನ ಮೇಲೆ ಹಾಕಬೇಡಿ." ಬೀಗತಿ ಅತ್ತರು, ಊಟ ಬಿಟ್ಟರು. ಕೊನೆಗೆ ಗಂಡ ಹೆಂಡತಿ ಒಂದು ರಾಜಿಗೆ ಬಂದರು: ಅದರ ಮೇಲಿರೋದು ಇಂಡಿಯಾದ ಅಕ್ಷರ, ಇಂಡಿಯಾದ ಬೀಗತಿ ಅಕ್ಷರ ಕಲಿಸೋ ಟೀಚರು, ಅವಳು ಬಂದು ಓದಿ ಹೇಳಿದರೆ ಹೊದಿಸಬಹುದು.

ನನ್ನ ಕರ್ಮ! ಕನ್ನಡ ಬಿಟ್ಟರೆ ನನಗೆ ಬರೋದು ಹಿಂದಿ ಸಿನಿಮಾದ ಹೆಸರು ಓದುವಷ್ಟು ನಾಗರಿ. "ನನಗ ಬರಂಗಿಲ್ಲ ಅಂತ ಈಗಲೇ ಹೇಳಿಬಿಡ" ಅಂದೆ. "ಅಮ್ಮಾ, ಅತ್ತೆ ಮಾವ ಇನ್ನೂ ಒಬ್ಬರ ಮುಖ ಒಬ್ಬರು ನೋಡ್ತಿಲ್ಲ. ಸುಮ್ಮನೆ ಬಾ" ಅಂದಳು ಮಗಳು. ಹೊರಟೆ. ಶಾಲೆಯ ಮಕ್ಕಳಿಗೆ ರಜೆ ಸಿಕ್ಕಿತು, ಅವರಂತೂ ಕುಣಿದಾಡಿರಬೇಕು.

ಬೀಗರ ಹಟ ನನಗೆ ಹೊಸದಲ್ಲ. ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ಪ್ರೀತಿಯಿಂದ ಕುಟ್ಟಿದ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಕಟ್ಟಿ ಕೊಟ್ಟಿದ್ದೆ. ಆ ಮನುಷ್ಯ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಲೇಬಲ್ ಇಲ್ಲ! ಒಳಗೆ ಏನೇನು ಹಾಕಿದ್ದೀರಿ, ಯಾವತ್ತು ಮಾಡಿದ್ದು, ಬರೆದುಕೊಡಿ ಅಂದರು. ನಾನೇನು ಇಲಿಪಾಷಾಣ ಕೊಟ್ಟೆನೇ ಅಂತ ನನ್ನ ಮೈಯೆಲ್ಲ ಉರಿದುಹೋಗಿತ್ತು. ಆಮೇಲೆ ತಿಳಿಯಿತು, ಅವರು ಉಪ್ಪಿನ ಪ್ಯಾಕೆಟ್ ಮೇಲಿನದನ್ನೂ ಓದದೆ ಬಿಡುವವರಲ್ಲ. ಲೇಬಲ್ ಓದದೆ ಯಾರ ಕೈಗೂ ಒಂದು ಗುಳಿಗೆ ಕೊಟ್ಟವರಲ್ಲ. ಅಂಥವರು ಕಣ್ಣು ಮುಚ್ಚಿದ ಮೇಲಿನ ಹೊದಿಕೆಗೂ ಲೇಬಲ್ ಕೇಳೋದು ಸಹಜವೇ.

ಹ್ಯೂಸ್ಟನ್ ಮುಟ್ಟುವಾಗ ಮಧ್ಯಾಹ್ನ. ಮುಂದಿನ ಕೋಣೆಯಲ್ಲೇ ಆಸ್ಪತ್ರೆ ಮಂಚ ಹಾಕಿದ್ದರು. ಬೀಗರು ಅರ್ಧ ಆಗಿಹೋಗಿದ್ದರು, ಆದರೆ ಕನ್ನಡಕ ಮಾತ್ರ ಮೂಗಿನ ಮೇಲೆ ಇತ್ತು. ನನ್ನನ್ನು ನೋಡಿ ಕೈ ಎತ್ತಿ, "ಟೀಚರ್ ಬಂದರು" ಅಂದರು. ಬೀಗತಿ ಓಡಿ ಬಂದು ನನ್ನ ಎರಡೂ ಕೈ ಹಿಡಿದು "ಚಿಂಗ್‌ಜಿಯಾ, ಚಿಂಗ್‌ಜಿಯಾ" ಅಂದರು. ಅದು ಅವರ ಭಾಷೆಯಲ್ಲಿ ಬೀಗರನ್ನು ಕರೆಯುವ ಮಾತು. ಇಂಗ್ಲಿಷಿನಲ್ಲಿ ಈ ಸಂಬಂಧಕ್ಕೆ ಒಂದು ಹೆಸರೂ ಇಲ್ಲ, ಪಾಪ ಇಂಗ್ಲಿಷಿನವರು! ನಮಗಿಬ್ಬರಿಗೂ ಇದೆ ಅಂತ ಮದುವೆಯಲ್ಲಿ ಕಂಡುಕೊಂಡು ಬಾಯ್ತುಂಬ ನಕ್ಕಿದ್ದೆವು.

ಹೊದಿಕೆ ಬಿಚ್ಚಿದರು. ಹಳದಿ ಸ್ಯಾಟಿನ್, ಮೇಲೆ ಕೆಂಪು ಅಕ್ಷರ. ಅಕ್ಷರಗಳು ಸಾಲಾಗಿ ಇದ್ದಿದ್ದರೆ ಎಲ್ಲಿ ಶುರು ಎಲ್ಲಿ ಮುಗೀತು ಅಂತಾದರೂ ತಿಳಿಯುತ್ತಿತ್ತು. ಇವು ಗುಂಡಗೆ, ಸುತ್ತು ಸುತ್ತಾಗಿ ಕೂತಿದ್ದವು, ಹೊರಗಿನ ಸುತ್ತು, ಒಳಗಿನ ಸುತ್ತು, ನಡುವೆ ಒಂದು ದೊಡ್ಡ ಅಕ್ಷರ. ಒಂದು ಕಡೆಯಿಂದ ನೋಡಿದರೆ ನಾಗರಿಯ ತಲೆಗೆರೆ ಕಂಡಂತಾಗುತ್ತಿತ್ತು. ಇನ್ನೊಂದು ಕಡೆಯಿಂದ ನೋಡಿದರೆ ನಮ್ಮ ತಲೆಕಟ್ಟು. ಮತ್ತೆ ನೋಡಿದರೆ ಎರಡೂ ಅಲ್ಲ. ಒಂದು ಅಕ್ಷರವಂತೂ ನನಗೆ ಪರಿಚಯದ್ದೇ ಅನಿಸಿತು, ಮದುವೆ ಮನೆಯಲ್ಲಿ ದೂರದ ನೆಂಟರನ್ನು ಕಂಡಾಗ ಇವರು ಯಾರು ಯಾರು ಅಂತ ತಲೆ ಕೆರೆದುಕೊಳ್ಳುತ್ತೇವಲ್ಲ, ಹಾಗೆ. ಹೆಸರು ಮಾತ್ರ ಬಾಯಿಗೆ ಬರಲಿಲ್ಲ. ತಲೆಬುಡ ಒಂದೂ ತಿಳಿಯಲಿಲ್ಲ.

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು. "ಹಳೆಯ ಅಕ್ಷರ. ಸ್ವಲ್ಪ ಟೈಮ್ ಬೇಕು" ಅಂದೆ. ಬೀಗರು ತಲೆ ಆಡಿಸಿದರು. ಆತುರ ಬೇಡ, ತಪ್ಪಾಗಬಾರದು, ಅಂದರು. ಅವರ ಹತ್ತಿರ ಎಷ್ಟು ಟೈಮ್ ಇದೆ ಅಂತ ಯಾರೂ ಹೇಳುವ ಹಾಗಿರಲಿಲ್ಲ.

ಅಡುಗೆ ಮನೆಗೆ ಹೋಗಿ ಹೊದಿಕೆಯ ಫೋಟೋವನ್ನು ನಮ್ಮ ಪರಿಚಯದ, ಸೌತ್‌ಲೇಕ್ ಊರಿನ ಅಂಕಲ್‌ಗೆ ಕಳಿಸಿದೆ. ಅವರು ಮೈಸೂರಿನವರು, ರಿಟೈರ್ ಆದ ಹಾರ್ಟ್ ಡಾಕ್ಟರು, ಈಗ ಅವರ ಲೋಕವೆಲ್ಲ ಹಳೆಯ ಲಿಪಿ, ಹಳೆಯ ಶಾಸನ. ಅರ್ಧ ಗಂಟೆಯೊಳಗೆ ವಿಡಿಯೋ ಕಾಲ್ ಮಾಡಿದರು, ಮುಖ ಹಬ್ಬದ ಹಾಗೆ ಅರಳಿತ್ತು.

"ಇದು ಸಿದ್ಧಂ ಅನ್ನೋ ಲಿಪಿಯಮ್ಮ! ನಮ್ಮ ಬ್ರಾಹ್ಮಿಯ ಮೊಮ್ಮಗಳು. ಭಿಕ್ಷುಗಳ ಜೊತೆ ಚೀನಾಕ್ಕೆ ಹೋದಳು. ಇಲ್ಲಿ ನಾವು ಪೂರ್ತಿ ಮರೆತುಬಿಟ್ಟೆವು, ಅಲ್ಲಿ ಅವರು ಮಂತ್ರಕ್ಕೆ ಅಂತ ಕಾಪಾಡಿಕೊಂಡು ಬಂದರು. ಎಂಥಾ ಭಾಗ್ಯ ನೋಡು ನಿಂದು."

"ಅಂಕಲ್, ಭಾಗ್ಯ ಇರಲಿ. ಏನು ಬರದದ ಹೇಳ್ರಿ."

"ನಡುವೆ ಇರೋದು ಓಂಕಾರ ಇದ್ದ ಹಾಗಿದೆ. ಸುತ್ತಲೂ ಹೂಂ, ಭ್ರೂಂ, ಅಂಥಾವು. ಬೀಜಾಕ್ಷರ."

"ಅಂದರೆ ಅರ್ಥ?"

"ಬೀಜಾಕ್ಷರಕ್ಕೆ ಎಲ್ಲಿಯ ಅರ್ಥಮ್ಮ? ಅದು ನಾದ. ಸಂಸ್ಕೃತದಲ್ಲೂ ಅದಕ್ಕೆ ಅರ್ಥ ಇಲ್ಲ."

ಫೋನ್ ಇಟ್ಟು ಹಾಗೇ ನಿಂತೆ. ಇಷ್ಟು ಹೊತ್ತು ಓದೋಕೆ ಬರಲ್ಲ ಅಂತ ಚಿಂತೆ, ಈಗ ಓದಿದರೂ ಹೇಳೋಕೆ ಏನೂ ಇಲ್ಲ ಅಂತ ಚಿಂತೆ. ನಮ್ಮದು ಅಂತ ಎದೆ ತಟ್ಟಿಕೊಳ್ಳೋಣ ಅಂದರೆ ನಮಗೆ ಓದೋಕೆ ಬರಲ್ಲ. ಅವರದು ಅನ್ನೋಣ ಅಂದರೆ ಅವರಿಗೂ ಬರಲ್ಲ. ಹಾಗಾದರೆ ಈ ಅಕ್ಷರ ಯಾರದು ಹೇಳಿ?

ಬೀಗತಿ ಹಿಂದೆಯೇ ನಿಂತಿದ್ದರು. ಕನ್ನಡ ಅವರಿಗೆ ತಿಳಿಯದು, ಆದರೆ ಮುಖ ಓದೋಕೆ ಭಾಷೆ ಯಾಕೆ ಬೇಕು? ಚಹಾ ಮಾಡಿ ಕೊಟ್ಟು, ನನ್ನ ಎದುರಿಗೆ ಕೂತು, ಒಂದು ಹಳೆಯ ಲಕೋಟೆ ಎಳೆದುಕೊಂಡು ಪೆನ್ನು ಹಿಡಿದರು. ಅವರೂ ಭಾನುವಾರದ ಚೀನೀ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವವರು. ಬೇಸರವಾದಾಗ ನಾನು ಪಾತ್ರೆ ತಿಕ್ಕುತ್ತೇನೆ, ಅವರು ಅಕ್ಷರ ಬರೆಯುತ್ತಾರೆ.

"ಇದು ಥಾ" ಅಂದರು. "ನಿಮ್ಮ ಸ್ತೂಪ. ಆ ಮಾತು ಬಂದಾಗ ನಮ್ಮಲ್ಲಿ ಅಕ್ಷರವೇ ಇರಲಿಲ್ಲ. ಪಕ್ಕದಲ್ಲಿ ಮಣ್ಣಿನ ಗುರುತು ಇಟ್ಟು ಹೊಸದು ಮಾಡಿಕೊಂಡರು." ಆಮೇಲೆ 'ಸಂಗ್', ಅಂದರೆ ಭಿಕ್ಷು, ಅದು ನಮ್ಮ ಸಂಘ, ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ. ಆಮೇಲೆ 'ಮೊ', ಬುದ್ಧನನ್ನು ಕಾಡಿದ ಮಾರ. ಕೆಳಗೆ ಒಂದು ದೆವ್ವ ಕೂರಿಸಿದ್ದಾರೆ. ಬರೆದು ಬರೆದು ಒಂದೊಂದಕ್ಕೂ ಗೋಲ ಹಾಕಿದರು. ಇವೆಲ್ಲ ಇವತ್ತು ಪಕ್ಕಾ ಚೀನೀ ಅಕ್ಷರ, ಭಾನುವಾರದ ಮಕ್ಕಳು ಇವನ್ನು ಬರೆಯುವಾಗ ಯಾರೂ ಇಂಡಿಯಾ ಅನ್ನಲ್ಲ. ಮಂತ್ರ ಬರೆಯುವಾಗ ಇನ್ನೂ ಒಂದು ಉಪಾಯ ಮಾಡಿದರಂತೆ. ಹತ್ತಿರದ ಉಚ್ಚಾರದ ಒಂದು ಅಕ್ಷರ ತೊಗೊಂಡು ಪಕ್ಕದಲ್ಲಿ ಒಂದು ಸಣ್ಣ ಬಾಯಿಯ ಗುರುತು ಬರೆಯೋದು. ಆ ಬಾಯಿ ಕಂಡರೆ ಅರ್ಥ ಬಿಡು, ಬರೀ ಶಬ್ದ ನುಡಿ ಅಂತ ಲೆಕ್ಕ.

ಹಿಂದೊಮ್ಮೆ ಅವರ ಶಾಲೆಗೆ ಹೋದಾಗ ಗೋಡೆಯ ಮೇಲೆ ಕಂಡಿದ್ದ ಒಂದು ಚಾರ್ಟ್ ನೆನಪಾಯಿತು. ತುಟಿಯ ಶಬ್ದ, ನಾಲಿಗೆಯ ಶಬ್ದ, ಹಲ್ಲಿನ ಶಬ್ದ, ಗಂಟಲಿನ ಶಬ್ದ ಅಂತ ಬೇರೆ ಬೇರೆ ಸಾಲು. ನಮ್ಮ ಕ ಚ ಟ ತ ಪ ಯಾಕೆ ಇಲ್ಲಿ ಬಂದು ಕೂತಿದೆ ಅಂತ ಅವತ್ತು ನಾನು ಬೆಪ್ಪಾಗಿ ನಿಂತಿದ್ದೆ. ಶಬ್ದಗಳನ್ನು ಹೀಗೆ ವಿಂಗಡಿಸೋ ಬುದ್ಧಿ ಮಂತ್ರಗಳ ಹಿಂದೆಯೇ ಬಂತು ಅಂತ ಬೀಗತಿ ಆಗಲೇ ಹೇಳಿದ್ದರು. ನಾನು ಹಿಗ್ಗಿ ಹೀರೇಕಾಯಿ ಆಗಿ, "ಹೌದಲ್ಲ, ನಮ್ಮ ಅಕ್ಷರವೇ ಹಾಗೆ" ಅಂದಿದ್ದೆ. ನನ್ನನ್ನು ಇವತ್ತು ಇಲ್ಲಿಗೆ ಎಳೆದು ತಂದದ್ದು ಬಹುಶಃ ಆ ಮಾತೇ.

ಬೀಗತಿ ಪೆನ್ನು ಕೆಳಗಿಟ್ಟರು. "ಓದೋಕೆ ಬರಲಿಲ್ಲ, ಅಲ್ಲವಾ?" ಅಂದರು.

"ಇಲ್ಲ" ಅಂದೆ.

"ಪರವಾಗಿಲ್ಲ. ಏನಾದರೂ ಒಳ್ಳೆಯದು ಹೇಳು. ನೀನು ಹೇಳಿದರೆ ಅವರು ನಂಬ್ತಾರೆ." ಲಕೋಟೆಯನ್ನು ಸಣ್ಣಗೆ ಮಡಚುತ್ತಾ ಹೋದರು. "ಇದು ಇಲ್ಲದೆ ಅವರು ಹೋದರೆ, ಎಲ್ಲಿ ಹೋದರು ಅಂತ ನಾನು ಹೇಗೆ ತಿಳಿದುಕೊಳ್ಳಲಿ? ನನ್ನ ಸರದಿ ಬಂದಾಗ ಎಲ್ಲಿ ಹುಡುಕಲಿ?" ಅವರ ಕೈ ಹಿಡಿದು ಕೂತೆ, ನನಗೂ ಅಳು ಬಂತು.

ಡಾಲಸ್ಸಿಗೆ ನಮ್ಮ ಯಜಮಾನರಿಗೆ ಫೋನ್ ಮಾಡಿದೆ. ಅವರಿಗೆ ಎಲ್ಲವೂ ಸಲೀಸು. "ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡಂತಾರ. ಹೋಗೋ ಮನಷ್ಯಾಗ ಒಂದು ಸುಳ್ಳು ಹೇಳಲಿಕ್ಕೆ ಏನ ಧಾಡಿ ನಿನಗ?" ಅಂದರು. ಹೌದಲ್ಲ ಅನಿಸಿತು. ಫೋನ್ ಇಟ್ಟ ಮೇಲೆ ಅಲ್ಲ ಅನಿಸಿತು. ಉಪ್ಪಿನ ಪ್ಯಾಕೆಟ್ ಓದುವ ಮನುಷ್ಯನಿಗೆ ಸುಳ್ಳು ಲೇಬಲ್ ಅಂಟಿಸಿ ಕಳಿಸೋದಾ? ಸತ್ಯ ಹೇಳಿದರೆ ಬೀಗತಿಯ ಗತಿ? ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗೆ, ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ.

ಮರುದಿನ ಬೆಳಿಗ್ಗೆ ನರ್ಸ್ ಬಂದು ಹೋದ ಮೇಲೆ ಬೀಗರಿಗೆ ಸ್ವಲ್ಪ ಚೈತನ್ಯ ಬಂದಿತ್ತು. ಮಗಳು ಅಳಿಯ ಔಷಧಿ ತರಲು ಹೋಗಿದ್ದರು. ಬೀಗತಿ ನನ್ನ ಕಡೆ ಒಂದು ಸಲ ನೋಡಿ, ಹಿತ್ತಲಿನ ಗಿಡಗಳಿಗೆ ನೀರು ಹಾಕುತ್ತೇನೆ ಅಂತ ಹೊರಗೆ ಹೋದರು. ಬೇಕಂತಲೇ ಹೋದರು. ನಾನು ಹೊದಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಮಂಚದ ಪಕ್ಕ ಕೂತೆ.

"ಹೇಳಿ ಟೀಚರ್."

"ಇಲ್ಲಿ ಬರೆದಿದೆ," ಅಂದೆ, "ನೀನು ಬೆಳಕಿನ ದಾರಿಯಲ್ಲಿ ಹೋಗು, ಭಯ ಬೇಡ, ಅಂತ."

"ಭಯ ಅನ್ನೋದು ಯಾವ ಅಕ್ಷರ?"

ಯಾವುದೋ ಒಂದರ ಮೇಲೆ ಬೆರಳಿಟ್ಟೆ. ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. ಬೆಳಕು ಯಾವುದು ಅಂದರು. ಇನ್ನೊಂದು ತೋರಿಸಿದೆ. ದಾರಿ? ಮತ್ತೊಂದು. ಆಮೇಲೆ, "ಭಯ ಮತ್ತೊಮ್ಮೆ ತೋರಿಸಿ" ಅಂದರು. ಎಲ್ಲಿ ತೋರಿಸಲಿ? ಆ ಸುತ್ತಿನೊಳಗೆ ನನ್ನ ಭಯ ಎಲ್ಲಿಗೋ ಹೋಗಿಬಿಟ್ಟಿತ್ತು! ಬೆರಳು ಗಾಳಿಯಲ್ಲೇ ನಿಂತಿತು. ಬೀಗರ ಮುಖದಲ್ಲಿ ಸಿಟ್ಟಿರಲಿಲ್ಲ. ತಪ್ಪು ಚೀಟಿ ತಂದವರನ್ನು ಕೌಂಟರ್ ಹಿಂದಿನಿಂದ ಎಷ್ಟು ಸಲ ಹೀಗೆ ನೋಡಿದ್ದರೋ.

"ನನಗೆ ಓದೋಕೆ ಬರಲ್ಲ" ಅಂದೆ. "ಓದೋಕೆ ಬರುವವರನ್ನು ಕೇಳಿದೆ. ಇದಕ್ಕೆ ಅರ್ಥ ಇಲ್ಲವಂತೆ. ಬರೀ ಶಬ್ದವಂತೆ."

"ಇಂಡಿಯಾದಲ್ಲೂ ಇಲ್ಲವಾ?"

"ಇಂಡಿಯಾದಲ್ಲೂ ಇಲ್ಲ."

ಅವರು ಮೇಲೆ ನೋಡುತ್ತಾ ಮಲಗಿದರು. ಎಲ್ಲ ಹಾಳಾಯಿತು ಅಂತ ನಾನು ಹೊದಿಕೆ ಮಡಚತೊಡಗಿದೆ. ಹಿತ್ತಲಿನಲ್ಲಿ ನೀರಿನ ಸದ್ದು ಕೇಳುತ್ತಿತ್ತು. ಆಮೇಲೆ ಅವರೇ ಕೇಳಿದರು, ನಿಮ್ಮಲ್ಲಿ ಕೊನೆಗೆ ಏನು ಮಾಡ್ತೀರಿ ಅಂತ.

ನಮ್ಮ ಮಾವನವರದು ಹೇಳಿದೆ. ಅವರು ಧಾರವಾಡದಲ್ಲಿ ಕೆಮಿಸ್ಟ್ರಿ ಕಲಿಸಿದವರು, ಕೊನೆಗಾಲದಲ್ಲಿ ಡಾಲಸ್ಸಿನ ನಮ್ಮ ಮನೆಯಲ್ಲಿದ್ದರು. ದೇವರ ಮುಂದೆ ಕಾಶಿಯಿಂದ ತಂದ ಗಂಗಾಜಲದ ಗಿಂಡಿ ಇತ್ತು, ಬಾಯಿಗೆ ಬೆಸುಗೆ ಹಾಕಿದ್ದು, ಎಷ್ಟು ವರ್ಷದ್ದೋ. "ಅದರಾಗ ಏನೇನು ಹುಳ ಅದಾವೋ, ನನಗ ಮಾತ್ರ ಹಾಕಬ್ಯಾಡ್ರಿ" ಅಂತ ಜನ್ಮವಿಡೀ ಗೇಲಿ ಮಾಡಿದವರು. ಕೊನೆಯ ದಿನ ನಾನೇ ಬೆಸುಗೆ ಬಿಡಿಸಿ, ಚಮಚದಲ್ಲಿ ಹಿಡಿದು, ಹಾಕಲೋ ಬೇಡವೋ ಅಂತ ನಿಂತಿದ್ದೆ.

"ಆ ನೀರು ಟೆಸ್ಟ್ ಮಾಡಿಸಿದ್ರಾ?" ಬೀಗರು ಕೇಳಿದರು.

"ಇಲ್ಲ."

"ಅವರು?"

"ಬಾಯಿ ತೆರೆದರು."

"ಯಾಕೆ?"

"ನನಗೆ ಇವತ್ತಿಗೂ ಗೊತ್ತಿಲ್ಲ" ಅಂದೆ. "ಮನಸ್ಸು ಬದಲಾಯಿತೋ, ಬಾಯಾರಿತ್ತೋ. ನಾನು ಚಮಚ ಹಿಡಿದು ನಿಂತಿದ್ದೆ ಅಂತಲೋ ಏನೋ."

ಬೀಗರು ಕಿಟಕಿಯ ಕಡೆ ತಿರುಗಿದರು. ಹೊರಗೆ ಬೀಗತಿ ಒದ್ದೆಯಾಗಿದ್ದ ಕುಂಡಕ್ಕೇ ಮತ್ತೆ ನೀರು ಸುರಿಯುತ್ತಿದ್ದರು, ಕಣ್ಣು ಎಲ್ಲೋ ಇತ್ತು. ತುಂಬಾ ಹೊತ್ತು ಅವರನ್ನೇ ನೋಡಿ, "ಅವಳನ್ನು ಕರೀರಿ" ಅಂದರು.

ಬೀಗತಿ ಕೈ ಒರೆಸಿಕೊಳ್ಳುತ್ತಾ ಬಂದರು. ಬೀಗರು ಚೀನೀಯಲ್ಲಿ ಎರಡು ಮಾತು ಹೇಳಿದರು. ಬೀಗತಿ ಬೆಚ್ಚಿ, ಇಲ್ಲ ಇಲ್ಲ ಅಂತ ಕೈ ಆಡಿಸಿದರು. ಬೀಗರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: "ಈಗಲೇ ಹೊದಿಸು ಅಂದೆ. ಬದುಕಿರುವವರಿಗೆ ಹೊದಿಸಬಾರದಂತೆ. ಹೊಸ ಔಷಧಿ ಅಲ್ಲವಾ, ಹೇಗಿದೆ ಅಂತ ಹೇಳೋಕೆ ನಾನು ಇರಬೇಡವಾ?" ನನಗೆ ನಗು ಬಂತು, ಅಳುವೂ ಬಂತು. ಬೀಗತಿ ನನ್ನ ಮುಖ ನೋಡಿದರು. ನಾನು ಹೊದಿಕೆ ಎತ್ತಿ ಅವರ ಕೈಗೆ ಕೊಟ್ಟೆ. ಅವರೇ ಹೊದಿಸಿದರು, ಕಾಲಿನಿಂದ ಎದೆಯ ತನಕ ಎಳೆದು, ಅಂಚು ನೀಟಾಗಿ ಮಡಚಿ. ಮೇಲು ಯಾವುದು ಕೆಳಗು ಯಾವುದು ಅಂತ ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಹಗುರ ಇದೆ" ಅಂದರು ಬೀಗರು. ಹಾಗೇ ನಿದ್ದೆ ಹೋದರು.

ನಾನು ಸಂಜೆ ಡಾಲಸ್ಸಿಗೆ ವಾಪಸ್ ಹೊರಟೆ, ಸೋಮವಾರ ಆಫೀಸಿತ್ತು. ಅದೇ ವಾರ ಮಗಳ ಫೋನ್ ಬಂತು. ಬೀಗರು ಹೋಗುವಾಗ ಹೊದಿಕೆ ಮೈಮೇಲೇ ಇತ್ತಂತೆ. ಅವತ್ತಿನಿಂದ ಅದನ್ನು ತೆಗೆಯೋಕೆ ಬಿಟ್ಟೇ ಇರಲಿಲ್ಲವಂತೆ.

ಅಂತ್ಯಕ್ರಿಯೆಗೆ ಮತ್ತೆ ಹ್ಯೂಸ್ಟನ್‌ಗೆ ಹೋದೆ. ಅದು ಮುಗಿದು ಜನ ಕರಗಿದ ಮೇಲೆ ಬೀಗತಿ ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮುಖ ಶಾಂತವಾಗಿತ್ತು, ಅಷ್ಟು ಶಾಂತವಾಗಿ ನಾನು ಅವರನ್ನು ಇತ್ತೀಚೆಗೆ ನೋಡಿರಲಿಲ್ಲ. "ಚಿಂಗ್‌ಜಿಯಾ, ನಾನು ಸುಳ್ಳು ಹೇಳು ಅಂದಿದ್ದೆ. ನೀನು ಹೇಳಲಿಲ್ಲ. ಕೂತು ಕಷ್ಟಪಟ್ಟು ಓದಿದೆ" ಅಂದರು. "ನಾನು ಕಿಟಕಿಯಿಂದ ನೋಡಿದೆ. ನೀನು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ತೋರಿಸ್ತಿದ್ದೆ. ಅದಕ್ಕೇ ಅವರು ಒಪ್ಪಿದರು."

ಇಲ್ಲ ಅನ್ನೋಕೆ ಬಾಯಿ ತೆರೆದೆ. ಅವರು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

"ಏನು ಬರೆದಿದೆ ಅಂತ ಈಗ ಹೇಳಬೇಡ. ಅವರಿಗೆ ಮಾಡಿದ ಹಾಗೆ, ನನ್ನದೂ ಹತ್ತಿರ ಬಂದಾಗ ಬಂದು ಪಕ್ಕದಲ್ಲಿ ಕೂತು ಓದು. ಬರ್ತೀಯಾ?"

"ಬರ್ತೀನಿ" ಅಂದೆ.